ಬೆಚ್ಚನ ಕೋಣೆಯ ಒಂದು ಮಳೆಗಾಲ

ಒದ್ದೆ ಕಂಬಳಿಯ ವಾಸನೆಯೂ ಫಿನೈಲಿನ ವಾಸನೆಯೂ ಒಂದೇ ಉಸಿರಿಗೆ ಮೂಗಿಗೆ ಬರುವ ಜಾಗ ನನಗೆ ಗೊತ್ತಿರುವುದು ಒಂದೇ: ಗಡಹಿಂಗ್ಲಜದ ಧರ್ಮಾರ್ಥ ಆಸ್ಪತ್ರೆಯೊಂದರ ಮೊದಲ ಮಹಡಿಯ ಪಡಸಾಲೆ. ಕಳೆದ ತಿಂಗಳು ಬೇರೊಂದು ಸುದ್ದಿಗಾಗಿ ಆ ಊರಿಗೆ ಹೋದವನು ಪರಿಚಯದವರೊಬ್ಬರನ್ನು ನೋಡಲು ಅಲ್ಲಿನ ಮೆಟ್ಟಿಲು ಹತ್ತಿದೆ. ಹೊರಗೆ ಮಳೆ. ಪಡಸಾಲೆಯ ಕಂಬಿಯ ಮೇಲೆ ಯಾರೋ ಕುರುಬರ ಕಂಬಳಿಯೊಂದನ್ನು ಹರವಿದ್ದರು. ಅದರ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತೆ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ಬಹುಭಾಗವನ್ನು ನಾನು ಕಳೆದದ್ದು ಆ ಬೆಂಚಿನ ಮೇಲೆಯೇ.

ಆಗ ನಾನು ಕನ್ನಡ ದಿನಪತ್ರಿಕೆಯೊಂದಕ್ಕೆ ಕೊಲ್ಹಾಪುರ ಜಿಲ್ಲೆಯ ವರದಿಗಾರ. ಗಡಹಿಂಗ್ಲಜದ ಮೆಣಸಿನಕಾಯಿ ಅಡತಿ ಅಂಗಡಿಯೊಂದರ ಮೇಲಿನ ಖೋಲಿಯಲ್ಲಿ ವಾಸ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಗಡಿಯ ಹಳ್ಳಿಗಳ ಸುದ್ದಿ ಕಳಿಸುವುದು ಕೆಲಸ. ಆಸ್ಪತ್ರೆ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಜೂನ್ ಆರಂಭದಲ್ಲಿ ಅದರ ವಿಶ್ವಸ್ತ ಮಂಡಳಿಯ ಸಭೆಗೆ ಕರೆ ಬಂತು, ಹೋದೆ. ಅಂಥ ಸಭೆಗಳಲ್ಲಿ ಸಾಮಾನ್ಯವಾಗಿ ದಾನಿಗಳ ಫೋಟೊ ತೆಗೆದು, ಚಹಾ ಕುಡಿದು ಬರುವುದಿರುತ್ತದೆ.

ಆ ಆಸ್ಪತ್ರೆಯ ಪದ್ಧತಿ ಹೀಗಿತ್ತು. ಕಬ್ಬು ಬೆಳೆಯುವವರು, ಹುಪರಿಯ ಬೆಳ್ಳಿ ವ್ಯಾಪಾರಿಗಳು ಹಿರಿಯರ ನೆನಪಿಗೆ ಒಂದೊಂದು ಯಂತ್ರ ಕೊಡುತ್ತಿದ್ದರು. ಯಂತ್ರಕ್ಕೆ ಹಿತ್ತಾಳೆ ತಗಡಿನಲ್ಲಿ ಹೆಸರು. ಖಂಡೇನವಮಿಯ ಆಯುಧಪೂಜೆಗೆ ಎಲ್ಲ ಯಂತ್ರಗಳಿಗೂ ಚೆಂಡುಹೂವಿನ ಮಾಲೆ. ದಾನದ ವಸ್ತು ಕೆಡಬಾರದೆಂದು ಅರ್ಧಕ್ಕರ್ಧ ಯಂತ್ರಗಳು ವರ್ಷವಿಡೀ ಮುಸುಕಿನೊಳಗೇ ಇರುತ್ತಿದ್ದವು. ಪಗಾರಕ್ಕೆಂದು ದಾನ ಕೊಟ್ಟವರು ಒಬ್ಬರೂ ಇರಲಿಲ್ಲ. ಪಗಾರದ ಮೇಲೆ ತಗಡು ಹೊಡೆಯಲು ಬರುವುದಿಲ್ಲವಲ್ಲ.

ಮೊದಲ ಮಹಡಿಯ ಕೊನೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ವಿಭಾಗವಿತ್ತು. ಕೂಸುಗಳಿಗೆ ಬೇಕಾದ ಶಾಖ ಇರಲೆಂದು ಅದನ್ನು ಸದಾ ಬೆಚ್ಚಗಿಡುತ್ತಿದ್ದರು. ಎಲ್ಲರ ಬಾಯಲ್ಲೂ ಅದು ಬೆಚ್ಚನ ಕೋಣೆ. ಆ ಸಭೆಯಲ್ಲಿ ಹೊಸ ಖಜಾಂಚಿ ಕಮಲಕ್ಕ ಎದ್ದು ನಿಂತು ಅದನ್ನು ಮುಚ್ಚಬೇಕೆಂಬ ಪ್ರಸ್ತಾವ ಇಟ್ಟರು.

ಕಮಲಕ್ಕನ ತವರು ಗಡಹಿಂಗ್ಲಜ. ಕೊಟ್ಟದ್ದು ಇಚಲಕರಂಜಿಯ ಶಹಾಪುರಕ್ಕೆ, ನೇಕಾರರ ಮನೆಗೆ. ಗಂಡ ತೀರಿಕೊಂಡ ಮೇಲೆ ವಿದ್ಯುತ್ ಮಗ್ಗಗಳ ಶೆಡ್ಡನ್ನು ತಾವೇ ನಡೆಸಿಕೊಂಡು ಬಂದವರು. ಮಗ್ಗದ ಸದ್ದಿನಲ್ಲಿ ಬದುಕಿದವರೆಲ್ಲರ ಹಾಗೆ ಪಕ್ಕದಲ್ಲಿ ಕುಳಿತವರೊಂದಿಗೂ ಗಟ್ಟಿಯಾಗಿಯೇ ಮಾತಾಡುತ್ತಿದ್ದರು.

“ಆ ಕೋಣಿ ತಿಂತೈತಿ, ದುಡಿಯೂದಿಲ್ಲ” ಎಂದರು. “ಅದಕ್ಕ ಹಾಕೂ ರೊಕ್ಕದಾಗ ಕೆಳಗಿನ ಮೂರು ವಾರ್ಡ ನಡೀತಾವು.”

ಮಕ್ಕಳ ವೈದ್ಯ ಪ್ರಸಾದ್ ಆಗಷ್ಟೇ ಮೂವತ್ತು ದಾಟಿದವರು. “ಮುಚ್ಚಿದ್ರ ಕೂಸುಗೊಳು ಎಲ್ಲಿಗೆ ಹೋಗಬೇಕ್ರಿ, ಅಕ್ಕಾ?”

“ಈಗ ಎಲ್ಲಿಗೆ ಹೊಂಟಾವು? ಕೊಲ್ಲಾಪುರಕ್ಕ. ಕಳಸೂವ್ರು ನೀವ ಅಲ್ಲೇನು?”

ಮಾತು ನಿಜವಾಗಿತ್ತು. ಸ್ವಲ್ಪ ತೊಂದರೆ ಇದ್ದ ಕೂಸನ್ನೂ ಆಂಬುಲೆನ್ಸಿನಲ್ಲಿ ಹಾಕಿ ಎರಡು ತಾಸಿನ ದಾರಿಗೆ ಕಳಿಸುತ್ತಿದ್ದರು. ಕೆಲವು ಮುಟ್ಟುತ್ತಿದ್ದವು, ಕೆಲವು ಮುಟ್ಟುತ್ತಿರಲಿಲ್ಲ.

ಅಧ್ಯಕ್ಷರು ಕಬ್ಬಿನ ದೊಡ್ಡ ರೈತ, ಎಲ್ಲರೂ ಆಬಾ ಎನ್ನುತ್ತಿದ್ದರು. ಅವರ ಚಿಂತೆ ಬೇರೆ. “ಕಮಲಾ, ನಮ್ಮವ್ವನ ಹೆಸರಿನ ಮಿಷನ್ ಅದ ಕೋಣ್ಯಾಗ ಐತಿ. ಅದನ್ನೆಲ್ಲಿ ಇಡ್ಲಿ?”

“ಅದು ಈಗೂ ಮುಸುಕು ಹೊದ್ದಕೊಂಡ ಕುಂತೈತ್ರಿ ಆಬಾ. ಎಲ್ಲಿಟ್ರೂ ಹಂಗ ಕುಂದರತೈತಿ.”

ಸಭೆ ನಕ್ಕಿತು, ಆಬಾ ನಗಲಿಲ್ಲ. ಕೊನೆಗೆ ಡಾಕ್ಟರ್ ಪ್ರಸಾದ್ ದಸರೆಯವರೆಗೆ ಸಮಯ ಕೇಳಿದರು. ಮಳೆಗಾಲದಲ್ಲಿ ಕೋಣೆ ಮುಚ್ಚಿದರೆ ಹಳ್ಳಿಯ ಬಸುರಿಯರಿಗೆ ದಾರಿಯೇ ಇರುವುದಿಲ್ಲ ಎಂದರು. ಕಮಲಕ್ಕ ಒಪ್ಪಿದರು. ದಸರೆಯ ಮುಂಚಿನ ಸಭೆಯಲ್ಲಿ ಪ್ರಸ್ತಾವ ಮತ್ತೆ ಬರಲಿ, ಅಷ್ಟರೊಳಗೆ ತಾನೂ ಒಂದು ದಿನ ಆ ಕೋಣೆಯಲ್ಲಿ ಕುಳಿತು ನೋಡುತ್ತೇನೆ ಎಂದರು. ನನಗೆ ಅದರಲ್ಲಿ ಸುದ್ದಿ ಕಂಡಿತು. ಅವರ ಜೊತೆ ನಾನೂ ಚಪ್ಪಲಿ ಬಿಟ್ಟು, ಕೈ ತೊಳೆದು ಒಳಗೆ ಹೋಗಲು ಅನುಮತಿ ಪಡೆದೆ.

ಒಳಗೆ ಐದು ನಿಮಿಷಕ್ಕೆ ಬೆನ್ನು ಒದ್ದೆಯಾಯಿತು. ಎರಡು ಕೂಸುಗಳಿದ್ದವು. ನೋಡಿಕೊಳ್ಳುತ್ತಿದ್ದವಳು ಶೋಭಾ ಸಿಸ್ಟರ್. ಹುಪರಿಯ ಬೌದ್ಧರ ಮನೆಯ ಹುಡುಗಿ. ತಾಯಿ ಮನೆಯಲ್ಲಿ ಕುಳಿತು ಕಾಲಿನ ಬೆಳ್ಳಿ ಪೈಂಜಣಕ್ಕೆ ಸಣ್ಣ ಉರಿಯಲ್ಲಿ ಗೆಜ್ಜೆ ಬೆಸೆಯುತ್ತಿದ್ದರು. ಶೋಭಾ ಕೂಡ ಶಾಲೆಯಿಂದ ಬಂದು ಅದೇ ಕೆಲಸಕ್ಕೆ ಕೂರುತ್ತಿದ್ದವಳು. ಕೂಸಿನ ದಾರದಂಥ ನರಕ್ಕೆ ಸೂಜಿ ಹಾಕುವಾಗ ಅವಳ ಕೈ ಅಲುಗುತ್ತಿರಲಿಲ್ಲ. ಆದರೆ ಆ ದಿನ ಅವಳ ಪಕ್ಕದಲ್ಲಿ ಇನ್ನೊಬ್ಬ ನರ್ಸ್ ನಿಂತು ಎಲ್ಲವನ್ನೂ ಹೊಸದಾಗಿ ಕೇಳುತ್ತಿದ್ದಳು: ಈ ಗುಂಡಿ ಯಾವುದಕ್ಕೆ, ಆ ನಳಿಕೆ ಎಲ್ಲಿಗೆ.

ಕಮಲಕ್ಕ ಕೇಳಿದರು. “ಈಕಿ ಹೊಸಬಳೇನು?”

“ಆಸ್ಪತ್ರಿಗೆ ಹಳಬಳ್ರಿ, ಈ ಕೋಣಿಗೆ ಹೊಸಬಳು. ನಾಳಿಂದ ಆಕಿ ಪಾಳಿ. ನಾ ಕೆಳಗ ಜನರಲ್ ವಾರ್ಡಿಗೆ ಹೊಂಟೇನಿ.”

“ಯಾಕ? ಏನರ ತಪ್ಪ ಮಾಡಿಯೇನು?”

“ಇಲ್ರಿ. ಇಲ್ಲಿ ಶೆಕಿ ಭಾಳ. ಒಬ್ರ ಮ್ಯಾಲ ಬೀಳಬಾರದಂತ ಎಲ್ಲಾರಿಗೂ ಒಂದೊಂದ ತಿಂಗಳ ಹಂಚ್ಯಾರ.”

“ಮತ್ತ ಕೆಲಸ ಕಲಿಯೂದು ಯಾವಾಗ?”

ಶೋಭಾ ನಕ್ಕಳು. “ಕಲತ್ವಿ ಅನ್ನೂದ್ರೊಳಗ ತಿಂಗಳ ಮುಗೀತೈತ್ರಿ.”

ಕಮಲಕ್ಕ ಜೋರಾಗಿ ನಕ್ಕದ್ದಕ್ಕೆ ಕೂಸೊಂದು ಬೆಚ್ಚಿತು. ಹೊರಗೆ ಬಂದ ಮೇಲೆ ಡಾಕ್ಟರನ್ನು ಕರೆದು ಬೆಂಚಿನ ಮೇಲೆ ಕೂರಿಸಿಕೊಂಡರು. “ಡಾಕ್ಟರ, ತಿಂಗಳಿಗೊಬ್ಬ ನೇಕಾರನ್ನ ಬದಲಿ ಮಾಡಿದ್ರ ನಾ ಎಂದೋ ಶೆಡ್ಡ ಮಾರಿ ತವರಿಗೆ ಬರತಿದ್ದೆ. ಒಂದೊಂದ ಮಗ್ಗಕ್ಕ ಒಂದೊಂದ ಗುಣ ಇರತೈತಿ. ಅದನ್ನ ಒಬ್ಬನ ಕೈಗೆ ಕೊಟ್ಟ ಬಿಡತೇವಿ. ಇಲ್ಲಿ ನ್ಯಾಯ ಮಾಡಾಕ ಹೋಗಿ ಕೆಲಸ ಕೆಡಿಸೀರಲ್ರಿ.”

“ನಾನೂ ಮಂಡಳಿಗೆ ಹೇಳೇನ್ರಿ ಅಕ್ಕಾ, ಎರಡ ಸಲ. ಶೆಕ್ಯಾಗ ವರ್ಷಗಟ್ಲೆ ಯಾರ ನಿಂದರತಾರಂತ ಕೇಳತಾರ. ಅದಕ್ಕ ನನ್ನ ಹತ್ರ ಉತ್ತರ ಇಲ್ಲ.”

“ನನ್ನ ಹತ್ರ ಐತಿ. ನೂಲಿಗೆ ಗಂಜಿ ಹಾಕೂ ಸೈಜಿಂಗ್‌ನ್ಯಾಗ ಉಗಿ ಹತ್ತರ ನಿಲ್ಲೂವ್ರಿಗೆ ನಾವು ಹೆಚ್ಚಿಗಿ ಕೊಡತೇವಿ. ಯಾರೂ ಬಿಟ್ಟ ಹೋಗೂದಿಲ್ಲ.”

ಆ ಸಂಜೆ ಅವರು ಲೆಕ್ಕ ನೋಡಿದ್ದು ಬೇರೆ ಕಣ್ಣಿನಿಂದ. ಕೆಲಸ ಬಲ್ಲವರು ನಿಲ್ಲುವುದಿಲ್ಲವಾದ್ದರಿಂದ ಕೂಸುಗಳನ್ನು ಹೊರಗೆ ಕಳಿಸಬೇಕಾಗುತ್ತದೆ. ಕಳಿಸಿದ್ದರಿಂದ ಕೋಣೆಗೆ ಆದಾಯವಿಲ್ಲ. ಆದಾಯವಿಲ್ಲವೆಂದು ಪಗಾರ ತಡವಾಗುತ್ತದೆ. ಪಗಾರ ತಡವಾಗುವುದರಿಂದ ಕಲಿತವರು ಕೊಲ್ಹಾಪುರಕ್ಕೆ ನಡೆಯುತ್ತಾರೆ. ಆಸ್ಪತ್ರೆಗಳ ಬಗ್ಗೆ ನಾನು ಆಮೇಲೆ ಬರೆದ ಎಷ್ಟೋ ವರದಿಗಳಲ್ಲಿ ಈ ಸುತ್ತನ್ನೇ ಬೇರೆ ಬೇರೆ ಊರಿನ ಹೆಸರಿನಲ್ಲಿ ಕಂಡಿದ್ದೇನೆ.

ಮರುವಾರದಿಂದ ಬದಲಾವಣೆ ಶುರುವಾಯಿತು. ಶೋಭಾ ಸೇರಿ ನಾಲ್ವರನ್ನು ಬೆಚ್ಚನ ಕೋಣೆಗೆ ಕಾಯಂ ಮಾಡಿದರು. ಅವರಿಗೆ ಶೆಕೆಯ ಭತ್ಯೆ, ಒಂದನೇ ತಾರೀಖಿಗೆ ಪಗಾರ. ಅದಕ್ಕೆ ಹಣ ಹೊಂದಿಸಲು ಆ ವರ್ಷ ಹೊಸ ಯಂತ್ರ, ಹೊಸ ಬಣ್ಣ, ಹೊಸ ಕಮಾನು ಎಲ್ಲಕ್ಕೂ ತಡೆ. ಇದ್ದ ಯಂತ್ರಗಳ ರಿಪೇರಿಗೆ ಒಬ್ಬನನ್ನು ಗೊತ್ತುಮಾಡಿದರು. ಮಳೆ ಜೋರಾಗುವ ಮುಂಚೆ ಆಕ್ಸಿಜನ್ ಸಿಲಿಂಡರ್, ಜನರೇಟರಿಗೆ ಡೀಸೆಲ್ ತರಿಸಿ ಹಿಂದಿನ ಗೋದಾಮು ತುಂಬಿಸಿದರು. ಅಷ್ಟೊಂದು ಯಾಕೆ ಎಂದು ಒಬ್ಬ ವಿಶ್ವಸ್ತರು ಗೊಣಗಿದರು. ಮಳೆಗೆ ಮುಂಚೆ ನೂಲು ತುಂಬಿಸದ ಮಗ್ಗದವನನ್ನು ನೀವು ನೋಡಿದ್ದೀರಾ ಎಂದು ಕಮಲಕ್ಕ ಕೇಳಿದರು.

ಉಳಿದದ್ದು ತರಬೇತಿ. ನರ್ಸುಗಳನ್ನು ಇಬ್ಬಿಬ್ಬರಂತೆ ಕೊಲ್ಹಾಪುರದ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಅವರ ಖರ್ಚು, ಅವರ ಜಾಗದಲ್ಲಿ ಬೇರೆಯವರ ಪಗಾರ. ಹುಪರಿಯ ಬೆಳ್ಳಿ ವ್ಯಾಪಾರಿ ಶಾಂತಿನಾಥಣ್ಣ ತಾಯಿಯ ಹೆಸರಿನಲ್ಲಿ ಹೊಸ ಯಂತ್ರ ಕೊಡುವುದಾಗಿ ಮಾತು ಕೊಟ್ಟಿದ್ದರು. ಆ ಹಣವನ್ನು ತರಬೇತಿಗೆ ಕೇಳಲು ಕಮಲಕ್ಕ, ಡಾಕ್ಟರು, ನಾನು ಒಂದೇ ಜೀಪಿನಲ್ಲಿ ಹುಪರಿಗೆ ಹೋದೆವು. ಅವರ ಕಾರ್ಖಾನೆ ಎಂದರೆ ಮನೆಯ ಮುಂದಿನ ಅಂಗಳ. ನಾಲ್ಕಾರು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಸಣ್ಣ ಉರಿಯಲ್ಲಿ ಗೆಜ್ಜೆ ಬೆಸೆಯುತ್ತಿದ್ದರು.

“ಮಿಷನ್ ಕೇಳ್ರಿ, ಕೊಡತೇನಿ” ಎಂದರು ಶಾಂತಿನಾಥಣ್ಣ. “ಪಗಾರಕ್ಕ, ಕಲಿಸೂದಕ್ಕ ಕೊಡಂಗಿಲ್ಲ. ನಾಳಿ ಆ ಹುಡುಗ್ಯಾರು ಬಿಟ್ಟ ಹ್ವಾದ್ರ ನನ್ನ ಅವ್ವನ ಹೆಸರಿಗೆ ಏನ ಉಳೀತೈತಿ?”

ಕಮಲಕ್ಕ ಅಂಗಳದ ಕಡೆ ಕೈ ಮಾಡಿದರು. “ಈ ಹೆಣ್ಮಕ್ಕಳನ್ನ ಇವತ್ತ ಮನಿಗೆ ಕಳಸ್ರಿ. ದಾರ್ಯಾಗ ಹೋಗೂ ನಾಲ್ಕ ಮಂದಿನ್ನ ಕರದು ಕುಂದರಸ್ರಿ. ಬೆಳ್ಳಿ ಐತಿ, ಬೆಂಕಿ ಐತಿ, ಎಲ್ಲಾ ಐತಿ.”

“ಬೆಳ್ಳಿ ಸುಟ್ಟ ಹೋಗತೈತಿ ಅಕ್ಕಾ.”

“ನಮ್ಮಲ್ಲಿ ಕೂಸು ಹೋಗತಾವ್ರಿ.”

ಶಾಂತಿನಾಥಣ್ಣ ಒಳಗಿನಿಂದ ಚಹಾ ತರಿಸಿದರು. “ಮತ್ತ ಹೆಸರ ಎಲ್ಲಿ ಹಾಕತೀರಿ? ಸಿಸ್ಟರ್ ಹಣೀ ಮ್ಯಾಲ ಹಾಕಾಕ ಬರೂದಿಲ್ಲಲ್ಲ.”

“ಕೋಣಿ ಬಾಗಿಲ ಮ್ಯಾಲ ಹಾಕತೇವ್ರಿ. ಹೋಗೂವ್ರು ಬರೂವ್ರು ಎಲ್ಲಾರೂ ಓದತಾರ.”

ಹಾಗೆ ಆಯಿತು. ಮೊದಲ ಜೋಡಿಯಲ್ಲಿ ಶೋಭಾ ಹೋದಳು. ಜುಲೈ ಮಧ್ಯದ ಹೊತ್ತಿಗೆ ಅವಳು ಮರಳಿ ಬಂದು, ಆಬಾನ ತಾಯಿಯ ಹೆಸರಿದ್ದ ಯಂತ್ರದ ಮುಸುಕು ತೆಗೆಸಿದಳು. ಅದು ಕೂಸಿನ ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಿಗೆ ಆಸರೆಯಾಗುವ ಯಂತ್ರ. ಅಷ್ಟು ದಿನ ಅದನ್ನು ಬಳಸದೇ ಇದ್ದುದಕ್ಕೆ ಒಂದು ಕಾರಣ, ಸಣ್ಣ ಮೂಗಿಗೆ ಹೊಂದುವ ಅಳತೆಯ ನಳಿಕೆಗಳೇ ಅಲ್ಲಿ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಹೀಗಾಗಿ ಯಾರೂ ತರಿಸಿರಲಿಲ್ಲ.

ನಂತರ ಮಳೆ ಹಿಡಿಯಿತು. ಹಗಲೂ ಇರುಳೂ ಒಂದೇ ಸದ್ದು. ಹಿರಣ್ಯಕೇಶಿ ದಂಡೆ ಮೀರಿ ಹೊಲಗಳಿಗೆ ನುಗ್ಗಿತು, ಕಬ್ಬಿನ ಸುಳಿ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಅತ್ತ ಪಂಚಗಂಗೆ ಉಕ್ಕಿ ಕೊಲ್ಹಾಪುರದ ದಾರಿಗಳು ಒಂದೊಂದಾಗಿ ಮುಚ್ಚಿದವು, ಕೊನೆಗೆ ಹೆದ್ದಾರಿಯ ಮೇಲೂ ನೀರು ಬಂತು. ನನ್ನ ಪತ್ರಿಕೆಗೆ ದಿನವೂ ಅದೇ ಸುದ್ದಿ: ಎಲ್ಲಿ ದಾರಿ ಇದೆ, ಎಲ್ಲಿ ಇಲ್ಲ.

ಅಂಥ ಒಂದು ಮಧ್ಯಾಹ್ನ ಮಹಾಗಾಂವದ ಕಡೆಯಿಂದ ಮಾಯವ್ವ ಎಂಬ ಬಸುರಿಯನ್ನು ಟ್ರ್ಯಾಕ್ಟರಿನಲ್ಲಿ ಕರೆತಂದರು. ಕುರುಬರ ಮನೆ. ಗಂಡ ಕುರಿ ಹೊಡೆದುಕೊಂಡು ಮಳೆ ಕಡಿಮೆ ಇರುವ ಮೂಡಣ ಸೀಮೆಗೆ ಹೋಗಿದ್ದ, ಮಳೆಗಾಲದಲ್ಲಿ ಅವರೆಲ್ಲ ಹಾಗೆಯೇ ಹೋಗುತ್ತಾರೆ. ಜೊತೆಗೆ ಬಂದವಳು ಅತ್ತೆ ಬಾಳವ್ವ, ತಲೆಯ ಮೇಲಿನ ಕಂಬಳಿಯಿಂದ ನೀರು ಸುರಿಯುತ್ತಿತ್ತು. ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು. ಗಂಡು ಕೂಸು. ಅತ್ತಿತು, ಆದರೆ ಸ್ವಲ್ಪ ಹೊತ್ತಿಗೆ ಪ್ರತಿ ಉಸಿರಿಗೂ ಎದೆಗೂಡು ಒಳಗೆ ಸೆಳೆಯತೊಡಗಿತು.

ಹಿಂದಿನ ವರ್ಷವಾಗಿದ್ದರೆ ಆಗಲೇ ಆಂಬುಲೆನ್ಸಿಗೆ ಹೇಳುತ್ತಿದ್ದರು. ಅಭ್ಯಾಸಬಲದಿಂದ ಡಾಕ್ಟರ್ ಪ್ರಸಾದ್ ಈಗಲೂ ಫೋನ್ ಎತ್ತಿದರು. ಕೊಲ್ಹಾಪುರದ ದಾರಿಯಲ್ಲಿರುವ ಕಾಗಲದ ಆಚೆ ಗಾಡಿ ಹೋಗುವುದಿಲ್ಲ ಎಂಬ ಉತ್ತರ ಬಂತು. ಅವರು ಫೋನ್ ಇಟ್ಟು ಶೋಭಾಳನ್ನು ನೋಡಿದರು.

“ಇಲ್ಲೇ ಮಾಡೂಣ್ರಿ ಡಾಕ್ಟರ್” ಎಂದಳು ಅವಳು.

“ಕೈಲೆ ಆಗತೈತಿ ಅಂತೀ?”

“ಅಲ್ಲಿ ದಿನಾ ಮಾಡೇವ್ರಿ. ನೀವು ನರ ನೋಡ್ರಿ, ನಾ ಮೂಗಿಗೆ ಕೂಡಸತೇನಿ.”

ಬಾಗಿಲಲ್ಲಿ ಬಾಳವ್ವ ಅಡ್ಡ ನಿಂತಳು. ಅವಳು ಕೂಗಾಡಲಿಲ್ಲ. “ಯವ್ವಾ, ನನ್ನ ಮಗಳ ಕೂಸನ್ನ ಹಿಂದಕ ಈ ಕೋಣಿಯಿಂದನ ಕಳಿಸಿದ್ರಿ. ಕಾಗಲ ದಾಟೂದ್ರೊಳಗ ತಣ್ಣಗಾತು. ಇದನ್ನ ಮನಿಗೆ ಕೊಡ್ರಿ. ಹೋಗೂದಿದ್ರ ನಮ್ಮ ಮನ್ಯಾಗ ಹೋಗಲಿ.”

ಶೋಭಾ ಅವಳ ಕೈ ಹಿಡಿದು ಒಳಗೆ ಕರೆದೊಯ್ದಳು, ಯಂತ್ರದ ಪಕ್ಕದ ನೀರಿನ ಬಾಟಲಿಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದಳು. “ಆಯೀ, ಈ ಸಲ ಎಲ್ಲೂ ಕಳಸೂದಿಲ್ಲ. ಈ ನೀರಾಗ ಗುಳ್ಳಿ ಏಳತಾವ ನೋಡ. ಗುಳ್ಳಿ ಏಳೂ ತನಕ ಕೂಸಿಗೆ ಗಾಳಿ ಹೊಂಟೈತಿ ಅಂತ ತಿಳಕೋ. ನಿಂತ್ರ ನನ್ನ ಕರಿ.”

ಗಾಜಿನ ಈಚೆಯಿಂದ ನಾನು ನೋಡಿದ್ದನ್ನು ಇದ್ದಂತೆ ಹೇಳುತ್ತೇನೆ. ಶೋಭಾ ಮೂಗಿನ ನಳಿಕೆ ಕೂಡಿಸಿ, ಕೆನ್ನೆಗೆ ಪಟ್ಟಿ ಅಂಟಿಸಿದಳು. ಡಾಕ್ಟರು ಸೂಜಿ ಹಾಕಿದರು. ಇನ್ನೊಬ್ಬ ನರ್ಸ್ ಹೇಳಿಸಿಕೊಳ್ಳದೆ ಮುಂದಿನ ವಸ್ತು ಕೈಗೆ ಕೊಡುತ್ತಿದ್ದಳು. ಬಾಟಲಿಯಲ್ಲಿ ಗುಳ್ಳೆ ಎದ್ದವು. ಕರೆಂಟು ಹೋಯಿತು, ಹಿಂದಿನಿಂದ ಜನರೇಟರ್ ಗುಡುಗಿತು, ಗುಳ್ಳೆ ನಿಲ್ಲಲಿಲ್ಲ. ಬಾಳವ್ವ ಕಣ್ಣು ಕದಲಿಸಲಿಲ್ಲ. ಕತ್ತಲಾಗುವ ಮುಂಚೆ ಒಮ್ಮೆ “ಸಿಸ್ಟರ್” ಎಂದಳು. ಗುಳ್ಳೆ ನಿಂತಿದ್ದವು. ಶೋಭಾ ಬಂದು ಸಡಿಲವಾಗಿದ್ದ ನಳಿಕೆ ಸರಿಪಡಿಸಿದಳು, ಮತ್ತೆ ಎದ್ದವು.

ಆ ಕೂಸು ದಿನಗಟ್ಟಲೆ ಹಾಗೆಯೇ ಇತ್ತು. ದಾರಿ ಮುಚ್ಚಿಯೇ ಇತ್ತು. ಅಷ್ಟರಲ್ಲಿ ಇನ್ನೂ ಎರಡು ಕೂಸುಗಳು ಬಂದವು. ಸಿಲಿಂಡರುಗಳು ಗೋದಾಮಿನಿಂದ ಒಂದೊಂದಾಗಿ ಹೊರಬಿದ್ದವು, ಗೊಣಗಿದ್ದ ವಿಶ್ವಸ್ತರೇ ನಿಂತು ಹೊರಿಸುತ್ತಿದ್ದರು. ಎದೆಗೂಡು ಸೆಳೆಯುವುದು ನಿಂತ ಮೇಲೆ ಶೋಭಾ ಕೂಸನ್ನು ಮಾಯವ್ವನ ಎದೆಗೆ ಬರಿಮೈಗೆ ಬರಿಮೈ ಸೇರುವಂತೆ ಮಲಗಿಸಿ ಸೆರಗು ಮುಚ್ಚಿದಳು. ಇದರಿಂದ ಕೂಸಿಗೆ ಶಾಖವೂ ಸಿಗುತ್ತದೆ, ತೂಕವೂ ಏರುತ್ತದೆ ಎಂದು ವಿವರಿಸತೊಡಗಿದಾಗ ಬಾಳವ್ವ ತಡೆದಳು.

“ಸೋತ ಮರಿ ಹುಟ್ಟಿದ್ರ ನಾವೂ ಕಂಬಳ್ಯಾಗ ಮೈಗೆ ಹಚಗೊಂಡ ಮಲಗತೇವಿ. ಇಷ್ಟ ಓದಿ ನೀವೂ ಅದನ್ನ ಮಾಡತೀರಿ?”

“ಹೌದ ಆಯೀ. ಈಗ ನಿನ್ನ ಪಾಳಿ. ಸೊಸಿ ಉಂಡ ಬರಲಿ, ನೀ ಹಚಗೊಂಡ ಕುಂದರ.”

ಮುದುಕಿ ನಾಚಿಕೊಂಡು ಕೂಸನ್ನು ತೆಗೆದುಕೊಂಡಳು. ಬೆಚ್ಚನ ಕೋಣೆಯಲ್ಲಿ ಮೊದಲ ಸಲ ಅವಳು ನಕ್ಕದ್ದು ಆಗ.

ನೀರು ಇಳಿದ ಮೇಲೆ, ಶ್ರಾವಣದ ಕೊನೆಯಲ್ಲಿ, ಮಾಯವ್ವನ ಗಂಡ ಕುರಿ ಬಿಟ್ಟು ಓಡಿ ಬಂದ. ಕೂಸು ಆಗ ಕೆನ್ನೆ ತುಂಬಿಕೊಂಡಿತ್ತು. ಅವನು ಅದನ್ನು ಎತ್ತಿಕೊಳ್ಳಲು ಹೆದರಿದ. ಬಾಳವ್ವ ಬೈದಳು. “ಕುರಿಮರಿ ಎತ್ತಾಕ ಬರತೈತಿ, ಇದಕ್ಕ ಹೆದರಾಕತ್ತಾನ ನೋಡ್ರಿ.” ಆ ಸುದ್ದಿಯನ್ನು ನಾನು ಪತ್ರಿಕೆಗೆ ಕಳಿಸಿದೆ. ಜಿಲ್ಲಾ ಪುಟದ ಮೂಲೆಯಲ್ಲಿ ಬಂತು. ಹಳ್ಳಿಗಳಲ್ಲಿ ಪತ್ರಿಕೆಗಿಂತ ಮುಂಚೆ ಬಾಳವ್ವ ಅದನ್ನು ಮುಟ್ಟಿಸಿದ್ದಳು. ಗಣೇಶ ಚೌತಿ ಮುಗಿಯುವ ಹೊತ್ತಿಗೆ ಕೋಣೆಯ ಹಾಸಿಗೆಗಳು ಖಾಲಿ ಇರುವುದೇ ಅಪರೂಪವಾಯಿತು.

ದಸರೆಗೆ ಮುಂಚಿನ ಸಭೆಗೂ ನಾನು ಹೋದೆ. ಪ್ರಸ್ತಾವ ಇನ್ನೂ ಕಾರ್ಯಸೂಚಿಯಲ್ಲಿತ್ತು. ಡಾಕ್ಟರ್ ಪ್ರಸಾದ್ ಮುಖ ಬಿಗಿದುಕೊಂಡು ಕುಳಿತಿದ್ದರು. ಕಮಲಕ್ಕ ಲೆಕ್ಕದ ವಿಷಯದಲ್ಲಿ ಯಾರ ಮುಲಾಜನ್ನೂ ನೋಡುವವರಲ್ಲ ಎಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಬಾ ಕೇಳಿದರು. “ಕಮಲಾ, ಕೋಣಿದು ಏನ ಮಾಡೂಣು?”

ಕಮಲಕ್ಕ ಕನ್ನಡಕ ಏರಿಸಿಕೊಂಡರು. “ಲಾಭ ಇನ್ನೂ ಇಲ್ಲ. ಅದನ್ನ ಮೊದಲ ಹೇಳತೇನಿ. ಆದ್ರ ತನ್ನ ಹೊಟ್ಟಿ ತಾ ಹೊರಿಯಾಕತ್ತೈತಿ. ಕಾಯಂ ಮಾಡಿದ ನಾಲ್ಕ ಮಂದ್ಯಾಗ ಒಬ್ಬಾಕಿನೂ ಬಿಟ್ಟ ಹೋಗಿಲ್ಲ. ಇನ್ನ ಪ್ರಸ್ತಾವದ ಮಾತಿಗೆ ಬಂದ್ರ…”

ಬಾಗಿಲು ತೆರೆದು ಶೋಭಾ ಬಂದಳು. ಕೇಳದೆ ಸಭೆಯ ನಡುವೆ ಅವಳು ಹಾಗೆ ಬಂದದ್ದು ಅದೇ ಮೊದಲು. “ಡಾಕ್ಟರ್, ಇಚಲಕರಂಜಿಯಿಂದ ಕೂಸು ಬರಾಕತ್ತೈತ್ರಿ. ಕೊಲ್ಲಾಪುರದಾಗ ಎಲ್ಲಾ ಹಾಸಿಗಿ ತುಂಬ್ಯಾವಂತ. ನಾವು ಕಲತ ಬಂದ ಆಸ್ಪತ್ರ್ಯಾವ್ರ ನಮ್ಮ ಹೆಸರ ಹೇಳ್ಯಾರ.”

“ನೀ ಏನಂದಿ?” ಆಬಾ ಕೇಳಿದರು.

“ಕಳಸ್ರಿ ಅಂದೇನ್ರಿ. ಒಂದ ಹಾಸಿಗಿ ಐತಿ, ಮಂದಿ ಅದೇವಿ.”

“ನಮ್ಮನ್ನ ಕೇಳದ?”

ಶೋಭಾ ಉತ್ತರಿಸುವ ಮುಂಚೆ ಕಮಲಕ್ಕ ಎದ್ದಿದ್ದರು. “ಕಳಸ್ರಿ ಅನ್ನಾಕ ನಿಮ್ಮನ್ನ ಏನ ಕೇಳೂದೈತಿ ಆಬಾ? ಇಚಲಕರಂಜ್ಯಾಗ ಎಲ್ಲಿ ಕೂಸಂತ ತಂಗಿ?”

“ಶಹಾಪುರದ್ದ್ರಿ. ಮಗ್ಗದಾವ್ರ ಮನಿದು.”

ಕಮಲಕ್ಕ ಮತ್ತೆ ಕೂರಲಿಲ್ಲ. ಡಾಕ್ಟರು ಆಗಲೇ ಮೆಟ್ಟಿಲಲ್ಲಿದ್ದರು. ಸಭೆ ಹಾಗೆಯೇ ಚದುರಿತು. ಪ್ರಸ್ತಾವದ ಮೇಲೆ ಯಾರೂ ಕೈ ಎತ್ತಲಿಲ್ಲ, ಆಮೇಲೆಯೂ ಅದರ ಮಾತನ್ನು ಯಾರೂ ತೆಗೆಯಲಿಲ್ಲ.

ಸಂಜೆ ಬಿಸಿಲು ಇನ್ನೂ ಇತ್ತು. ಆಂಬುಲೆನ್ಸ್ ಬಂದಾಗ ಆಬಾ, ಕಮಲಕ್ಕ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಶೋಭಾ ಗಾಡಿಯೊಳಗೆ ಹತ್ತಿ, ಕೂಸನ್ನು ಎದೆಗೊತ್ತಿಕೊಂಡು ಇಳಿದಳು. ಚಾಲಕ ಕಿಟಕಿಯಿಂದ ತಲೆ ಹಾಕಿ, ಗಾಡಿ ಚಾಲೂ ಇಡಲೋ, ಮುಂದೆ ಒಯ್ಯುವುದಿದೆಯೋ ಎಂದು ಕೇಳಿದ.

ಅವಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ತಿರುಗಿ ನೋಡದೆಯೇ ಹೇಳಿದಳು. “ಬಂದ್ ಮಾಡಿ ಚಾ ಕುಡಿ ಅಣ್ಣಾ. ಕೂಸು ಇಲ್ಲೇ ಇರತೈತಿ.”